ಕರೆಂಟ್ ಬಂದರೂ ಸುಮ್ಮನಿದ್ದ ಡಿಮ್ಮರ್ ಗುಂಡಿಯವರಿಗೆ

ಮಾನ್ಯರೇ,

ನಮ್ಮ ಮುಂಗೋಣೆಯ ಉದ್ದ ಕಂಬದ ದೀಪದ ಮೇಲೆ ಕುಳಿತು, ಬೆಳಕನ್ನು ಏರಿಸುವ ಇಳಿಸುವ ಅಧಿಕಾರ ನಡೆಸುತ್ತಿರುವ ತಮಗೆ ಚೋಮಾ ಪಟ್ಟಣದ ಹಾಮೂಂಗ ಕುಟುಂಬದ ಪರವಾಗಿ ವಂದನೆಗಳು. ಒಂದು ಬೆರಳು ತಿರುಗಿಸಿದರೆ ಸಾಕು, ತಾವು ಇಳಿಯುತ್ತೀರಿ. ಅಧಿಕಾರದಲ್ಲಿರುವ ಬೇರೆ ಯಾರಲ್ಲೂ ನಾನು ಈ ವಿನಯವನ್ನು ಕಂಡಿಲ್ಲ.

ನಮ್ಮಲ್ಲಿ ಕರೆಂಟ್ ದಿನಕ್ಕೆ ಮೂರು ಗಂಟೆ ಬರುತ್ತದೆ. ಯಾವ ಮೂರು ಎಂಬುದು ಬಂದ ಮೇಲೆಯೇ ತಿಳಿಯುವುದು. ಅದಕ್ಕಾಗಿ ಎಲ್ಲ ಮನೆಗಳಂತೆ ನಾವೂ ಒಂದು ದೀಪದ ಸ್ವಿಚ್ಚನ್ನು ಆರಿಸದೆ ಬಿಟ್ಟಿರುತ್ತೇವೆ. ಅದು ಹೊತ್ತಿಕೊಂಡ ಕೂಡಲೇ ಒಬ್ಬರು ಇಸ್ತ್ರಿಪೆಟ್ಟಿಗೆಗೆ, ಒಬ್ಬರು ಒಲೆಗೆ, ನನ್ನ ತಾಯಿ ಹೊಲಿಗೆ ಯಂತ್ರಕ್ಕೆ ಓಡುತ್ತಾರೆ. ಈ ಕಾವಲು ತಮ್ಮ ದೀಪದ್ದು. ಕಳೆದ ಶನಿವಾರ, ಹದಿನಾಲ್ಕು ಹುಡುಗಿಯರ ಶಾಲಾ ಸಮವಸ್ತ್ರಕ್ಕೆ ಬಟ್ಟೆ ಕತ್ತರಿಸಿಟ್ಟು, ಸೋಮವಾರ ಬೆಳಗಾಗುವುದರೊಳಗೆ ಹೊಲಿದು ಕೊಡಬೇಕಾಗಿದ್ದ ನನ್ನ ತಾಯಿ, ಮಧ್ಯಾಹ್ನವಿಡೀ ತಮ್ಮ ದೀಪವನ್ನೇ ನೋಡುತ್ತ ಕುಳಿತರು. ಸಮವಸ್ತ್ರವಿಲ್ಲದವರನ್ನು ಆ ಶಾಲೆ ಗೇಟಿನೊಳಗೆ ಬಿಡುವುದಿಲ್ಲ. ದೀಪ ಹೊತ್ತಿಕೊಳ್ಳಲೇ ಇಲ್ಲ. ಐದು ಗಂಟೆಗೆ ಪಕ್ಕದ ಮನೆಯ ರೇಡಿಯೊ ರಿಪೇರಿಯ ಹಾಚಿಪುಕ ಮಾವ ಗರಿಗರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತು, "ಏನು ಚೋಲ್ವೆಯ ಅಮ್ಮಾ, ಮಷೀನ್ ಸದ್ದೇ ಇಲ್ಲ? ಕರೆಂಟ್ ಬಂದು, ನನ್ನಂಗಿ ಇಸ್ತ್ರಿ ಆಗಿ, ಅದು ವಾಪಸ್ ಹೋಗಿದ್ದೂ ಆಯ್ತಲ್ಲ" ಎಂದರು.

ತಮ್ಮನ್ನು ವಜಾ ಮಾಡಬೇಕೆಂಬ ಕರಪತ್ರವನ್ನು ನಾನು ಅಂದೇ ಬರೆದಿಟ್ಟೆ. ಭಾನುವಾರ ಕರೆಂಟ್ ಬಂದು ತಾಯಿ ಯಂತ್ರದ ಮುಂದೆ ಕೂತ ಮೇಲೆ, ನಾನೂ ಮಾವನೂ ತಮ್ಮ ವಿಚಾರಣೆ ನಡೆಸಿದೆವು. ಪ್ಲಗ್ ಕಿತ್ತು ತಂತಿ ನೋಡಿದೆವು, ಸಡಿಲವಿರಲಿಲ್ಲ. ಬಲ್ಬನ್ನು ಮಾವನ ಮನೆಯ ದೀಪಕ್ಕೆ ಹಾಕಿದರೆ ಅಲ್ಲಿ ಸೊಗಸಾಗಿ ಉರಿಯಿತು. ಪೂರ್ತಿ ಏರಿಸಿ ನಿಧಾನವಾಗಿ ಇಳಿಸಿದಾಗ ತಾವು ಕೊನೆಯವರೆಗೂ ವಿಧೇಯರಾಗಿದ್ದಿರಿ. ಆದರೆ ಕೊನೆಗೆ ಇಳಿಸಿಟ್ಟು ಪ್ಲಗ್ ಕಿತ್ತು ಮತ್ತೆ ಹಾಕಿದೆವು ನೋಡಿ, ಕತ್ತಲೆ.

ಮಾವ ತಲೆಯಾಡಿಸಿದರು. "ಗುಂಡಿ ಕೆಟ್ಟಿಲ್ಲ ಕಣಪ್ಪಾ. ಇದು ಹಳೇ ತಂತಿ ಬಲ್ಬಿಗೆ ಮಾಡಿದ್ದು. ಈಗಿನ ಎಲ್ಇಡಿ ಬಲ್ಬು ಉರೀತಾ ಇದ್ರೆ ತಗ್ಗುತ್ತೆ. ತಗ್ಗಿಸಿಟ್ಟು ಎಬ್ಬಿಸಿದ್ರೆ ಏಳಲ್ಲ. ಇಷ್ಟು ತಗ್ಗಿಸಿಟ್ಟೋರು ಯಾರು?"

ಚಾಪೆಯ ಮೇಲೆ ಕಡಲೆಕಾಯಿ ಬಿಡಿಸುತ್ತಿದ್ದ ಅಜ್ಜಿ ತಲೆಯೆತ್ತದೆ ಹೇಳಿದರು: "ನಾನೇ. ನೀನೇ ಓದಿ ಹೇಳಿದ್ಯಲ್ಲ ಮಗಾ, ನಮ್ಮನೇಲಿ ಜಾಸ್ತಿ ಉರಿದ್ರೆ ಇನ್ನೊಬ್ರ ಮನೇಲಿ ಕತ್ತಲೆ ಅಂತ. ಆ ಕಡೆ ಬೀದಿಯೋರಿಗೂ ಒಂಚೂರು ಸಿಗ್ಲಿ ಅಂತ ಇಳಿಸಿಡ್ತೀನಿ."

ಮಾನ್ಯರೇ, ಅಜ್ಜಿ ಹೇಳಿದ್ದು ಕರೆಂಟ್ ಮಿತವಾಗಿ ಬಳಸಿ ಎಂದು ನಾನೇ ಬರೆದ ಕಿರುಪುಸ್ತಿಕೆಯ ಮಾತು. ಅದನ್ನು ನಾನು ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಚರ್ಚಿನ ಅಂಗಳದಲ್ಲಿ ಹಂಚಿದ್ದೆ. ಹಗಲಲ್ಲೂ ದೀಪ ಉರಿಸುವ ಕಚೇರಿಗಳ ಮೇಜುಗಳ ಮೇಲೂ ಇಟ್ಟು ಬಂದಿದ್ದೆ. ಅದರಂತೆ ನಡೆದವರು ಇಡೀ ಊರಿನಲ್ಲಿ ಓದು ಬಾರದ ಈ ಒಬ್ಬ ಮುದುಕಿ ಮಾತ್ರ. ಅದರ ಫಲವನ್ನು ಉಂಡವರು ನನ್ನ ತಾಯಿ.

ಆದ್ದರಿಂದ ವಜಾದ ಮಾತನ್ನು ಹಿಂತೆಗೆದುಕೊಂಡು, ತಮಗೆ ಬಡ್ತಿ ಕೋರುತ್ತಿದ್ದೇನೆ. ದಯವಿಟ್ಟು ತಾವು ಕರೆಂಟ್ ಹಂಚುವ ಮಹನೀಯರ ಕಚೇರಿಯ ಗೋಡೆಗೆ ವರ್ಗವಾಗಿ ಹೋಗಬೇಕು, ಅವರನ್ನು ಇಳಿಸುವ ಬೆರಳು ನಮ್ಮ ಅಜ್ಜಿಯದಾಗಿರಬೇಕು, ಮತ್ತು ಒಮ್ಮೆ ಇಳಿಸಿದವರು ಮತ್ತೆ ಏಳದಂತೆ ನೋಡಿಕೊಳ್ಳುವ ತಮ್ಮ ಅಪರೂಪದ ಗುಣವನ್ನು ಅಲ್ಲಿ ಎಳ್ಳಷ್ಟೂ ಸಡಿಲಿಸಬಾರದು.

ಬೆಳಕು ಬರಲೆಂದು ಕಾದು ಕುಳಿತಿರುವ,
ತಮ್ಮ ವಿಶ್ವಾಸಿ,
ಚೋಲ್ವೆ ಹಾಮೂಂಗ

ವಿ.ಸೂ.: ಸೋಮವಾರ ಹನ್ನೊಂದು ಹುಡುಗಿಯರು ಶಾಲೆಯೊಳಗೆ ಹೋದರು, ಮೂವರು ಗೇಟಿನ ಹೊರಗೆ ನಿಂತರು. ಈ ಪತ್ರದ ಒಂದು ಪ್ರತಿಯನ್ನು ವಿದ್ಯುತ್ ಕಚೇರಿಗೂ ಕೊಟ್ಟಿದ್ದೆ. ಶನಿವಾರ ಕರೆಂಟ್ ಬಂದಿತ್ತೆಂದು ಗ್ರಾಹಕರೇ ಲಿಖಿತವಾಗಿ ಒಪ್ಪಿಕೊಂಡದ್ದು ಇದೇ ಮೊದಲಂತೆ. ಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ.