ಟೈಲರು ಪೈಪು ಹತ್ತಿದ್ದು

ಮಹಡಿ ಮನೆಯ ಟೈಲರು ಬಟ್ಟೆಚೂರುಗಳ ಬುಟ್ಟಿ ಹಿಡಿದು ಹೊರಗೆ ಕಾಲಿಟ್ಟದ್ದೇ ತಡ, ಗಾಳಿಗೆ ಬಾಗಿಲು ಧಡ್ಡನೆ ಹಾಕಿಕೊಂಡಿತು. ಕೀಲಿ ಒಳಗಿತ್ತು. ಕಾದ ಇಸ್ತ್ರಿಪೆಟ್ಟಿಗೆಯೂ ಒಳಗಿತ್ತು. ಅದನ್ನು ಮದುಮಗನ ಕೋಟಿನ ಪಕ್ಕದಲ್ಲಿಟ್ಟಿದ್ದನೋ ಮೇಲೇ ಇಟ್ಟಿದ್ದನೋ, ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ.

ಇನ್ನೊಂದು ಕೀಲಿ ಇದ್ದದ್ದು ಹಿಂದಿನ ಬೀದಿಯ ತಂಗಿಯ ಮನೆಯಲ್ಲಿ, ತಾಯಿಯ ಹತ್ತಿರ. ಪಕ್ಕದ ಮನೆಯ ಮೇಷ್ಟ್ರು ಫೋನು ಮಾಡಿದರು. ಕೀಲಿ ಯಾರ ಕೈಗೂ ಕೊಡುವುದಿಲ್ಲ, ನಾನೇ ಹೊರಟೆ ಎಂದರು ತಾಯಿ. ಆದರೆ ಅವರ ಮಂಡಿನೋವು ಊರಿಗೆಲ್ಲ ಗೊತ್ತು. ಅವರು ಬರುವಷ್ಟರಲ್ಲಿ ಕೋಟು ಬೂದಿಯಾಗಿರುತ್ತದೆ ಎಂದು ಮೇಷ್ಟ್ರು ಲೆಕ್ಕ ಹೇಳಿದರು.

ಅಷ್ಟು ಹೊತ್ತಿಗೆ ಕೆಳಗೆ ಅಂಗಳದಲ್ಲಿ ಜನ ಸೇರಿದ್ದರು. ಕೆಳಮನೆಯ ಅಜ್ಜಿಯೂ ಕುರ್ಚಿ ಎಳೆದುಕೊಂಡು ಬಂದು ಕೂತರು. ಇಷ್ಟಕ್ಕೆ ಯಾಕೆ ಒದ್ದಾಟ ಅಂದರು.

"ಚಿಕ್ಕವನಿದ್ದಾಗ ಇವನು ಮಳೆನೀರಿನ ಈ ಪೈಪನ್ನೇ ಹಿಡ್ಕೊಂಡು ಅಳಿಲಿನ ಹಾಗೆ ಹತ್ತೋನು. ಮೇಲೆ ಕಿಟಕಿ ತೆರೆದೇ ಇದೆಯಲ್ಲ."

ಎಲ್ಲರೂ ಟೈಲರನ್ನು ನೋಡಿದರು. ಬಲ್ಬು ಬದಲಿಸಲು ಸ್ಟೂಲು ಹತ್ತಿದರೂ ಗೋಡೆ ತಬ್ಬಿಕೊಳ್ಳುವ ಮನುಷ್ಯ ಅವನು. ಗಿರಾಕಿ ಗದರಿದರೆ ತನ್ನದಲ್ಲದ ತಪ್ಪಿಗೂ ಕೈಮುಗಿಯುವವನು. ಆದರೆ ಅಜ್ಜಿಯ ಈ ಕತೆಯೊಂದನ್ನು ವರ್ಷಗಟ್ಟಲೆ ಎದೆಯಲ್ಲಿ ಬೆಚ್ಚಗೆ ಇಟ್ಟುಕೊಂಡಿದ್ದ. ಈಗ ಹೇಗಿದ್ದರೇನು, ಒಂದು ಕಾಲಕ್ಕೆ ತಾನೂ ಗಂಡೆದೆಯ ಹುಡುಗನಾಗಿದ್ದೆನಲ್ಲ ಎಂಬ ಸಮಾಧಾನ. ಆ ಹುಡುಗ ಈ ಹೊಟ್ಟೆಯ ಹಿಂದೆ ಎಲ್ಲೋ ಇನ್ನೂ ಇದ್ದಾನು.

ಮೇಷ್ಟ್ರು ಬೆನ್ನು ತಟ್ಟಿದರು. ಎದುರುಮನೆಯ ನರ್ಸು, ಬಿದ್ದರೆ ನಾನಿದ್ದೇನೆ ಎಂದು ಧೈರ್ಯ ಹೇಳಿದಳು. ಟೈಲರು ಚಪ್ಪಲಿ ಬಿಟ್ಟು ಪೈಪು ಹಿಡಿದ.

ಅರ್ಧದವರೆಗೆ ಹೇಗೋ ಹತ್ತಿದ. ಅಲ್ಲಿ ಪ್ಯಾಂಟು ಹಿಂಬದಿಯಲ್ಲಿ ಪರ್ರನೆ ಬಿಚ್ಚಿತು. ಅವನದೇ ಹೊಲಿಗೆ. ಮೇಲೆ ಕಿಟಕಿ ಕೈಗೆ ಎಟುಕದು, ಕೆಳಗೆ ನೆಲ ಪಾತಾಳದಲ್ಲಿದೆ. ಹಲ್ಲಿಯ ಹಾಗೆ ಗೋಡೆಗಂಟಿ ಕಣ್ಣು ಮಾತ್ರ ಆಡಿಸುತ್ತ ನಿಂತ. ಎಡಗಾಲು ಎತ್ತು ಎಂದರು ಕೆಲವರು, ಬಲಗಾಲು ಎಂದರು ಕೆಲವರು.

ಅಷ್ಟರಲ್ಲಿ ತಾಯಿ ಕೀಲಿ ಹಿಡಿದು ಕುಂಟುತ್ತ ಬಂದರು. ತಲೆಯೆತ್ತಿ ನೋಡಿ, ಇವನನ್ನು ಯಾರು ಹತ್ತಿಸಿದ್ದು ಎಂದು ಕೇಳಿದರು. ಅಜ್ಜಿ ಅಳಿಲಿನ ಕತೆಯನ್ನು ಮತ್ತೆ ಹೇಳಿದರು.

"ಹತ್ತುತ್ತಿದ್ದದ್ದು ನನ್ನ ದೊಡ್ಡ ಮಗ ಕಣಮ್ಮ," ಎಂದರು ತಾಯಿ. "ಇವನು ಕೆಳಗೆ ನಿಂತು, ಅಣ್ಣ ಬೀಳ್ತಾನೆ ಅಂತ ಅಳೋನು. ಆಗಲೂ ಹೀಗೇ ಇದ್ದ."

ಟೈಲರಿಗೆ ಒಂದೊಂದು ಮಾತೂ ಕೇಳಿಸಿತು. ಪೈಪನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡ.

ಕಿಟಕಿಯಿಂದ ಸುಟ್ಟ ವಾಸನೆ ಬಂತು. ತಾಯಿ ಮೆಟ್ಟಿಲ ಕಡೆ ನಡೆದರು. ಕೋಟಿನ ಗತಿ ನೋಡಲು ಮೇಷ್ಟ್ರು ಹೋದರು, ನರ್ಸು ಹೋದಳು, ಅಜ್ಜಿಯೂ ಕುರ್ಚಿ ಬಿಟ್ಟು ಎದ್ದರು. ಕೆಳಗೆ ನಿಂತು ಅಳುವುದಕ್ಕೂ ಒಬ್ಬರೂ ಉಳಿಯಲಿಲ್ಲ.