ಗೀಜಗಕ್ಕ ನೇಯೂದು ಕಲಿಸಿದಾಂವ

ಗೀಜಗಕ್ಕ ಗೂಡು ನೇಯೂದು ಕಲಿಸಿದಾಂವ ನಾನು. ನಾಕು ಮಂದಿ ಕಣ್ಣಾರೆ ನೋಡಿದ್ರು. ನಾಕೂ ಮಂದಿ ಈಗಿಲ್ಲ, ಹಂಗಾಗಿ ನನ್ನ ಮಾತ ನಂಬಬೇಕು. ಬನಹಟ್ಟಿಯೊಳಗ ಮಗ್ಗದ ಮುಂದ ಕುಂತು ಹಲ್ಲು ಉದುರಿಸಿಕೊಂಡಾಂವ ನಾನು. ಊರ ಹೊರಗ ನಮ್ಮ ಬಾವಿ ಮ್ಯಾಲೆ ಬಾಗಿದ ಜಾಲಿ ಗಿಡಕ್ಕ ಪ್ರತಿ ವರ್ಷಾ ಮಳಿಗಾಲದಾಗ ಗೀಜಗ ಬರ್ತಾವು. ನೇಯೂ ಮನುಷ್ಯಾ, ನೇಯೂ ಹಕ್ಕಿ ಎದುರಾಬದುರಾದ್ರ ಏನರೆ ಒಂದು ಆಗ್ತಾನ ಇರತೈತಿ.

ನಾ ಸಾಲಿ ಮೆಟ್ಟಲಾ ಹತ್ತಿದಾಂವಲ್ಲ. ನಾ ಹೇಳಾಕತ್ತೇನಿ, ಸೊಸಿ ಬರಿಯಾಕತ್ತಾಳ. ಆಕೀದೊಂದು ಕರಾರು ಐತಿ: "ಮಾವಾರ, ಹಕ್ಕಿ ಬಗ್ಗೆ ಎಷ್ಟರ ಸುಳ್ಳು ಹೇಳ್ರಿ, ಬರೀತೇನಿ. ಮನಿ ಬಗ್ಗೆ ಒಂದ ಸುಳ್ಳು ಬಂತಂದ್ರ ಅದರ ಕೆಳಗ ಖರೇದೂ ಬರೀತೇನಿ."

"ಸುಳ್ಳು ಯಾರ ಹೇಳ್ತಾರವಾ?" ಅಂದೆ. ಅದನ್ನೂ ಬರಕೊಂಡ್ಲು.

೧. ಕೆಳಗಿನ ಬಾಗಲಾ

ಮೊದಲ ಈ ಹಕ್ಕಿ ಕಾಗಿ ಹಂಗ ನಾಕು ಕಡ್ಡಿ ಒಟ್ಟಿ ಅದರ ಮ್ಯಾಲೆ ಕುಂದರತಿತ್ತು. ನಂದು ಆಗ ಕುಣಿಮಗ್ಗ. ನೆಲದಾಗ ಕುಣಿ ತೋಡಿ, ಅದರಾಗ ಕಾಲು ಇಳೇಬಿಟ್ಟು ಕುಂತು ನೇಯೂದು. ಒಂದ ಗಂಡು ಗೀಜಗ ಕಿಡಕ್ಯಾಗ ಬಂದು ಕುಂತು, ಲಾಳಿ ಅತ್ತಾಗ ಹೋದ್ರ ಅತ್ತಾಗ, ಇತ್ತಾಗ ಬಂದ್ರ ಇತ್ತಾಗ ಗೋಣು ತಿರಗಸೂದು. ಮೂರು ಮಳಿಗಾಲ ಕಲೀತು. ಆಮ್ಯಾಲೆ ಕಬ್ಬಿನ ಹಸರ ಗರಿ ಸೀಳಿ, ಗಂಟು ಹಾಕಿ, ಅಗದೀ ನನ್ನಂಗ ನೇಯ್ತು.

ಒಂದ ತಪ್ಪು ಮಾತ್ರ ಆತು. ನಾ ಸೊಂಟದತನಾ ಕುಣಿಯಾಗ ಇರೂದು ನೋಡಿ, ಈ ಮನುಷ್ಯಾ ಮನಿಯೊಳಗ ಕೆಳಗಿಂದ ಬರ್ತಾನ ಅಂತ ತಿಳಕೊಂಡೈತಿ. ಅದಕ್ಕ ಇವತ್ತಿಗೂ ಗೀಜಗನ ಗೂಡಿಗಿ ಬಾಗಲಾ ಕೆಳಗ!

೨. ಕೆಂಪ ದಡಿ

ನನ್ನ ಸೀರಿ ತಗೊಳ್ಳೂ ಸಾವಕಾರ ಮಹಾಲಿಂಗಪುರದಾಂವ. ಒಂದ ದಿನ ಸೀರಿ ಬಿಚ್ಚಿ ಅಳದು ಮಾರಿ ಗಂಟ ಹಾಕಿದ. "ಸೆರಗು ಒಂದ ಗೇಣು ಗಿಡ್ಡ ಐತಲ್ಲೋ?"

"ಒಣಾಕ ಹಾಕಿದ ಕೆಂಪ ನೂಲು ಗೀಜಗ ಒಯ್ದಾವ್ರಿ ಸಾವಕಾರ್ರ."

"ನಿನ್ನ ತಪ್ಪು ಹಕ್ಕಿ ಮ್ಯಾಲೆ ಹಾಕ್ತೀಯೇನ್ಲೇ?"

ನಡೀರಿ ಅಂತ ಬಾವಿಗಿ ಕರಕೊಂಡ ಹೋದೆ. ಹಸರ ಗೂಡುಗಳ ನಡುವ ಒಂದ ಗೂಡಿನ ಬಾಯಿ ಸುತ್ತ ಸೀರಿ ಅಂಚಿನಂಗ ಕೆಂಪ ದಡಿ. ಮದಲಗಿತ್ತಿ ಹಂಗ ತೂಗಾಕತ್ತಿತ್ತು. ಸಾವಕಾರ ಚಸ್ಮಾ ಏರಿಸಿ ಬಾಳೊತ್ತು ನೋಡಿದ. ತಪ್ಪಾತು ಅಂತಾನ ಅಂತ ನಾ ಎದಿ ಉಬ್ಬಿಸಿ ನಿಂತೆ.

"ದಡಿ ನಿನಗಿಂತ ನೆಟ್ಟಗ ನೇದೈತಿ," ಅಂದ. "ಇದು ತನ್ನ ಮಾಲು ಯಾರಿಗಿ ಕೊಡತೈತಿ, ಕೇಳಿ ಹೇಳು."

೩. ಒಂದ ಎಳಿ

ಗೀಜಗನ ಪದ್ಧತಿ ಹಿಂಗ. ಗಂಡು ಅರ್ಧಾ ಗೂಡು ಕಟ್ಟಿ, ರೆಕ್ಕಿ ಬಡದು ಹೆಣ್ಣನ್ನ ಕರೀತೈತಿ. ಹೆಣ್ಣು ಬಂದು ಜಗ್ಗಿ, ಚುಚ್ಚಿ ನೋಡತೈತಿ. ಒಪ್ಪಿದ್ರ ಗಂಡು ಉಳಿದರ್ಧಾ ಮುಗಸತೈತಿ. ಒಪ್ಪಲಿಲ್ಲಂದ್ರ ಆ ಗೂಡು ಹಂಗ ತೂಗಾಡಕೋತ ಇರತೈತಿ.

ಸಾವಕಾರನ ಮಾತು ಮನಸಿಗಿ ಹತ್ತಿತ್ತು. ನಾನೂ ಒಂದ ಅರ್ಧಾ ಗೂಡು ನೇದು ಗಿಡಕ್ಕ ಕಟ್ಟಿದೆ. ಒಂದ ಹೆಣ್ಣು ಬಂದ ಕುಂತಿತು. ಹೆಂಡತೀನ ಒದರಿ ಕರದೆ: "ಬಾ ಬೇ, ನಿನ್ನ ಗಂಡನ ಕಸಬು ಹಕ್ಕಿ ಒಪ್ಪೂದು ನೋಡ ಬಾ!"

ಹೆಣ್ಣು ಒಂದ ಎಳಿ ಹಿಡದು ಜಗ್ಗಿತು. ಗೂಡು ಸರ್ರಂತ ಬಿಚ್ಚಿ ಬಾವಿಗಿ ಬಿತ್ತು.

ಹೆಂಡತಿ ಸೆರಗು ಬಾಯಿಗಿ ಒತ್ತಿಕೊಂಡು ಅಂದ್ಲು: "ನನ್ನ ನಿಮಗ ಕೊಡೂಮುಂದ ನಮ್ಮಪ್ಪ ಈ ಹಕ್ಕೀನ ಕರಕೊಂಡ ಬರಬೇಕಾಗಿತ್ತು ನೋಡ್ರಿ."

೪. ಗಲಗಲಿ ಬೀಗರು

ಮಗನಿಗಿ ಹೆಣ್ಣು ಕೊಡಾಕ ಗಲಗಲಿಯವರು ಮನಿ ನೋಡಾಕ ಬಂದ್ರು. ಈ ಸೊಸಿಯ ತಂದಿ, ಸೋದರತ್ತಿ, ಜೋಡಿ ಇಕೀನೂ. ಅದಕ್ಕೂ ಮೊದಲ ಮೂರು ಕಡಿಯವರು ಬಂದು, ಮ್ಯಾಲಿನ ಖೋಲಿ ನೋಡಿ, ಚಾ ಕುಡದು ಹೋದಾವರು ಹೊಳ್ಳಿ ಬಂದಿರಲಿಲ್ಲ. ಖೋಲಿಗಿ ಗ್ವಾಡಿ ಇದ್ವು, ಸ್ಲ್ಯಾಬ್ ಇರಲಿಲ್ಲ. ಇವರೂ ಹೋದ್ರ ಮಗನ ಲಗ್ನದ ಆಸೆ ಮುಗೀತು.

ಬೀಗರು ಖೋಲಿಯೊಳಗ ನಿಂತು ಆಕಾಶ ನೋಡಿದ್ರು. ನಾ ತಡಾ ಮಾಡಲಿಲ್ಲ, ಎಲ್ಲಾರನ್ನೂ ಸೀದಾ ಬಾವಿಗಿ ಕರಕೊಂಡ ಹೋದೆ.

"ನೋಡ್ರಿ, ಗಂಡು ಅರ್ಧಾ ಕಟ್ಟಿ ನಿಂದರತೈತಿ. ಹೆಣ್ಣು ಒಪ್ಪಿದಮ್ಯಾಲೆ ಪೂರಾ ಮಾಡತೈತಿ. ನಮ್ಮ ಮನಿತನದ್ದೂ ಅದ ಪದ್ಧತಿ."

ಬೀಗರ ಮಾರಿ ಸಡ್ಲಾತು. ಸೋದರತ್ತಿ ಬಿಡಲಿಲ್ಲ. "ಪೂರಾ ಆದಮ್ಯಾಲೆ ಗಂಡು ಏನ್ ಮಾಡತೈತ್ರಿ?"

ನಾ ಬಾಯಿ ತಗಿಯೂದ್ರಾಗ, ಕಬ್ಬಿಗಿ ನೀರ ಹಾಯಸಾಕತ್ತಿದ್ದ ಆಳು ಅಲ್ಲಿಂದಾನ ಒದರಿದ: "ಆಕೀನ ತತ್ತಿ ಮ್ಯಾಲೆ ಕುಂದರಿಸಿ, ಬಾಜೂ ಟೊಂಗಿಗಿ ಮತ್ತೊಂದು ಗೂಡು ಕಟ್ಟಿ ಮತ್ತೊಬ್ಬಾಕೀನ ಕರೀತೈತ್ರೀ!"

ಸೋದರತ್ತಿ ಬಸ್ ಸ್ಟ್ಯಾಂಡಿನ ದಾರಿ ಕೇಳಿದ್ಲು.

"ಅವು ಹೊಳಿದಂಡಿ ಕಡಿಂದ ಬಂದ ಹಕ್ಕಿ ರೀ, ನಮ್ಮ ಕಡೇವು ಹಂಗಲ್ಲ," ಅಂದೆ. ಗಲಗಲಿ ಇರೂದು ಹೊಳಿದಂಡಿ ಮ್ಯಾಲ ಅನ್ನೂದು, ಮಾತು ಬಾಯಿಂದ ಬಿದ್ದಮ್ಯಾಲೆ ನೆನಪಾತು.

ಆಗ ಇಕಿ, ಈ ಸೊಸಿ, ತಾನ ಹೊಳ್ಳಿ ಮನಿಗಿ ನಡದ್ಲು. ನಾವೆಲ್ಲಾ ಬೆನ್ನ ಹತ್ತಿದ್ವಿ. ಮ್ಯಾಲ ಏರಿ, ಗ್ವಾಡಿ ಮ್ಯಾಲ ಕೈ ಆಡಿಸಿ, ಒಂದ ಇಟ್ಟಂಗಿ ಹಿಡದು ಜಗ್ಗಿದ್ಲು. ನನಗ ಬಾವಿಗಿ ಬಿದ್ದ ಗೂಡು ಕಣ್ಣಮುಂದ ಬಂತು. ಇಟ್ಟಂಗಿ ಅಳ್ಳಾಡಲಿಲ್ಲ.

"ಸ್ಲ್ಯಾಬ್ ಯಾವಾಗ್ರಿ?" ಅಂತ ನನ್ನ ಮಗನ್ನ ಕೇಳಿದ್ಲು. ಅಂವ ನನ್ನ ಮಾರಿ ನೋಡಿದ.

"ಮುಂದಿನ ಮಳಿಗಾಲ ಬರೂದ್ರಾಗ!" ಅಂದೆ ನಾ.

"ಹಂಗಾರ ಆತು," ಅಂದ್ಲು.

ಈಗ ಸೊಸಿಗಿ ಹೇಳಿದೆ: "ಬರಕೋ ಯವ್ವಾ. ಕೊಟ್ಟ ಮಾತಿನಂಗ ಆ ಮಳಿಗಾಲ ಬರೂದ್ರಾಗ ಸ್ಲ್ಯಾಬ್ ಹಾಕಿಸಿದೆ." ಹನ್ನೊಂದು ವರ್ಷದ ಹಿಂದಿನ ಮಾತು, ಯಾರಿಗಿ ನೆನಪಿರತೈತಿ?

ಪೆನ್ನು ನಿಂತಿತು. ನಾವು ಕುಂತದ್ದು ಅದ ಮ್ಯಾಲಿನ ಖೋಲ್ಯಾಗ. ಅಷ್ಟರಾಗ ಒಂದ ಗೀಜಗ ಬಾಗಲದಾಗಿಂದ ಒಳಗ ಬಂದು, ಮೂಲ್ಯಾಗಿನ ಕಸಬರಗಿಯಿಂದ ಒಂದ ಎಳಿ ಕಿತ್ತಗೊಂಡು, ನಮ್ಮ ತಲಿ ಮ್ಯಾಲಿಂದ ನೆಟ್ಟಗ ಆಕಾಶಕ್ಕ ಹಾರಿ ಹೋತು.

ಸೊಸಿ ಮ್ಯಾಲ ನೋಡಿದ್ಲು. ನನ್ನ ನೋಡಿದ್ಲು. "ಮಾವಾರ, ಹಕ್ಕಿ ಸ್ಲ್ಯಾಬ್ ತೂರಿ ಹೆಂಗ ಹೋತ್ರಿ?"

ನಾ ಹೆಗಲ ಮ್ಯಾಲಿನ ವಲ್ಲಿ ಝಾಡಿಸಿದೆ.

"ನಾ ಕಲಿಸಿದ ಹಕ್ಕಿ ಐತವಾ. ಬಾಗಲಾ ಮ್ಯಾಲೂ ಇರತೈತಿ ಅನ್ನೂದು ಈಗ ಕಲತೈತಿ."