ನಗುವಿಗೆ ಬೇರೆ ಚಾರ್ಜು

ಮೊಮ್ಮಕ್ಕಳೇ, ಶಶಿ, ರೂಪಾ! ನನ್ನ ತಮ್ಮ ಬೀಸುವ ಗಾಳಿಗೂ ಕಾಸು ಕೇಳುತ್ತಿದ್ದ ಅಂದರೆ ನಂಬುತ್ತೀರಾ? ನಂಬಲೇಬೇಕು, ನಾನೇ ಕಂಡಿದ್ದೇನೆ!

ಅವನು ತುರುವೇಕೆರೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ. ಬಾಗಿಲಲ್ಲಿ ಬರೆಸಿದ್ದ ರೇಟು ಬರೀ ಫೋಟೋಗೆ. ಬಿಸಿಲಲ್ಲಿ ಬಂದವರು ಬೆವರಾರಿಸಿಕೊಳ್ಳಲು ಫ್ಯಾನ್ ಹಾಕಿದರೆ ನಾಲ್ಕಾಣೆ. ಪೌಡರಿಗೆ ಬೇರೆ, ಬಾಡಿಗೆ ಕೋಟಿಗೆ ಬೇರೆ, ಕೈಗಡಿಯಾರಕ್ಕೆ ಬೇರೆ. ಒಮ್ಮೆ ಹಂದನಕೆರೆಯ ಕೊಬ್ಬರಿ ವ್ಯಾಪಾರಿಯೊಬ್ಬರು ಗಡಿಯಾರ ಕಟ್ಟಿಕೊಂಡು ಕಿವಿಗಿಟ್ಟು ನೋಡಿದರು.

"ಇದು ನಿಂತೋಗೈತಲ್ಲಪ್ಪಾ!"

"ಓಡೋದೇ ಬೇಕಾ ಯಜಮಾನ್ರೇ? ಅದಕ್ಕೆ ಎಂಟಾಣೆ ಜಾಸ್ತಿ ಕಣ್ರೀ."

ಅವರು ಕೊಟ್ಟರು! ಫೋಟೋದಲ್ಲಿ ಗಡಿಯಾರ ಓಡುತ್ತದೆಯೇ, ಮಕ್ಕಳೇ?

ಇದ್ದದ್ದು ಒಂದೇ ಕೋಟು. ನೊಣವಿನಕೆರೆಯ ನೆಂಟರೊಬ್ಬರು ಮಗಳಿಗೆ ಬಂದಿದ್ದ ಮೂರು ಗಂಡುಗಳ ಫೋಟೋ ನನಗೆ ತೋರಿಸಿ, "ಇವರೆಲ್ಲ ಅಣ್ಣತಮ್ಮಂದಿರೇನವ್ವಾ? ಒಂದೇ ಕೋಟು ಹಾಕ್ಕೊಂಡವ್ರೆ!" ಎಂದರು. ನಾನು ನಾಚಿ ಒಳಗೆ ಹೋದೆ. ತಮ್ಮ ನಾಚಿದನೇ? ಇನ್ನೊಂದು ಕೋಟು ತಂದು, "ಇದು ಊರಲ್ಲಿ ಯಾರೂ ತೊಡದ ಕೋಟು" ಎಂದು ಎರಡರಷ್ಟು ಬಾಡಿಗೆ ಹಾಕಿದ!

ನಿಮ್ಮ ತಾತ ಇದಕ್ಕೆಲ್ಲ ಬಗ್ಗುವವರಲ್ಲ. ಸೊಸೈಟಿಗೆ ಫೋಟೋ ಬೇಕಾಗಿ ಒಮ್ಮೆ ನನ್ನನ್ನೂ ಕರೆದುಕೊಂಡು ಅಲ್ಲಿಗೆ ಹೋದರು. ಫ್ಯಾನ್ ಬೇಡ, ಕೋಟು ಬೇಡ, ಪೌಡರಂತೂ ಬೇಡವೇ ಬೇಡ. ಮುಖ ಗಂಟಿಕ್ಕಿಕೊಂಡು ಸ್ಟೂಲಿನ ಮೇಲೆ ಕೂತರು.

ತಮ್ಮ ಕ್ಯಾಮೆರಾದ ಕಪ್ಪು ಬಟ್ಟೆಯಿಂದ ತಲೆ ಹೊರಗೆ ಹಾಕಿ, "ಭಾವ, ಒಸಿ ನಗಿ. ನಗಕ್ಕೆ ಮಾತ್ರ ಬೇರೆ ಚಾರ್ಜು!" ಎಂದ.

"ಲೋ, ನನ್ನ ಹಲ್ಲಿಗೂ ಬಾಡಿಗೆ ಕಟ್ಟಬೇಕೇನ್ಲಾ?" ಎಂದು ಅವರು ಹೊಟ್ಟೆ ಹಿಡಿದು ನಕ್ಕರು. ಅಷ್ಟರಲ್ಲಿ ಇವನು ಒತ್ತಿಬಿಟ್ಟಿದ್ದ.

"ಅದಕ್ಕೆ ನಾನು ಕಾಸು ಕೊಡಲ್ಲ. ನೆಟ್ಟಗೆ ಇನ್ನೊಂದು ತೆಗಿ!" ಎಂದು ಗಂಟುಮುಖದ್ದನ್ನೇ ತೆಗೆಸಿಕೊಂಡು ಬಂದರು. ನನಗೆ ಬೇಕಿದ್ದದ್ದು ಆ ನಗುವ ಫೋಟೋ. ಕೇಳಲು ಬಾಯಿ ಬರಲಿಲ್ಲ.

ಕೆಲವೇ ವರ್ಷಗಳಲ್ಲಿ ತಾತ ಲಿಂಗೈಕ್ಯರಾದರು. ಮನೆಯಲ್ಲಿ ಉಳಿದದ್ದು ಆ ಗಂಟುಮುಖ ಒಂದೇ. ನಾನು ಬಾಳಿದ್ದು ಆ ಮುಖದ ಜೊತೆ ಅಲ್ಲ. ನೋಡಲಾಗದೆ ಅದನ್ನು ಪೆಟ್ಟಿಗೆಗೆ ಹಾಕಿದೆ.

ತಾತನ ಹೆಸರಿನ ಶಿವಗಣಾರಾಧನೆಯ ದಿನ ತಮ್ಮ ದೊಡ್ಡದೊಂದು ಚೌಕಟ್ಟು ಹೊತ್ತು ತಂದ. ಸುತ್ತಿದ ಬಟ್ಟೆ ಬಿಚ್ಚಿದರೆ, ಅದೇ ನಗು! ದೊಡ್ಡದು ಮಾಡಿ, ಕೆನ್ನೆಗೆ ಬಣ್ಣ ಹಚ್ಚಿ, ಗಾಜು ಹಾಕಿಸಿದ್ದ. ಅವನ ಅಂಗಡಿಯಲ್ಲಿ ಒಂದೊಂದಕ್ಕೂ ಬೇರೆ ಚಾರ್ಜು.

"ಎಷ್ಟಾಯ್ತಪ್ಪಾ?" ಎಂದೆ.

"ಸುಮ್ನಿರಕ್ಕ. ಭಾವ ಅವತ್ತು ಪುಕ್ಕಟೆ ನಕ್ಕಿದ್ರು," ಎಂದವನು ಗೋಡೆಯ ಕಡೆ ತಿರುಗಿಕೊಂಡ.

ನಾನು ಬರೆದ ಈ ಹಾಳೆಗಳನ್ನು ಆ ಚೌಕಟ್ಟಿನ ಹಿಂದೆಯೇ ಸಿಕ್ಕಿಸಿಡುತ್ತೇನೆ. ಸುಣ್ಣ ಹೊಡೆಯಲು ಫೋಟೋ ಇಳಿಸುತ್ತೀರಲ್ಲ, ಆಗ ಇವನ್ನು ಜೋಪಾನವಾಗಿ ತೆಗೆದು, ಮತ್ತೆ ಅಲ್ಲೇ ಇಡಿ, ಮಕ್ಕಳೇ.